ಕೆಂಪು ಗೆರೆಯ ಸುಳ್ಳು

"ಏಣಿ ಗಟ್ಟಿಯಾಗಿ ಹಿಡ್ಕೊಳ್ರೀ. ನಾನು ಬಿದ್ದು ಕಾಲು ಮುರ್ಕೊಂಡ್ರೆ ಮನೆ ಅಡುಗೆಯೆಲ್ಲಾ ನಿಮ್ಮ ತಲೆಗೇ."

"ಈಗೇನು ನಿನ್ನ ತಲೆಗಿದೆಯಾ?" ಕೆಳಗಿನಿಂದ ಚಿಕ್ಕಪ್ಪನ ಉತ್ತರ ಬಂತು.

ಏಣಿಯ ಮೇಲಿದ್ದ ಚಿಕ್ಕಮ್ಮನಿಗೆ ನಗುವ ಪುರಸೊತ್ತಿರಲಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಕಿವಿಯನ್ನು ಯಂತ್ರದ ಕೋಣೆಯ ಚಾವಣಿಗೆ ಒತ್ತಿಕೊಂಡು ಹೋಗಿದ್ದ ತಗಡಿನ ಡಕ್ಟಿಗೆ ಹಚ್ಚಿದ್ದಳು. ಹೊರಗಿನ ಹೊಸ ಗಾಳಿ ಕಟ್ಟಡದೊಳಗೆ ಬರುವುದು ಈ ಡಕ್ಟಿನಿಂದಲೇ.

ಊರಿನ ಅರ್ಧದಷ್ಟು ಅಂಗಡಿ, ಆಫೀಸು, ಹೋಟೆಲುಗಳಿಗೆ ಗಾಳಿ ಎಲ್ಲಿಂದ ಬರಬೇಕು, ಎಷ್ಟು ಬೆಚ್ಚಗಿರಬೇಕು, ಎಲ್ಲಿಂದ ಹೊರಗೆ ಹೋಗಬೇಕು ಎಂದು ನಕ್ಷೆ ಹಾಕಿದವಳು ಅವಳು. ಕೆಲಸದ ಮಂದಿ ಅವಳನ್ನು 'ಗಾಳಿ ಮೇಡಂ' ಎಂದೇ ಕರೆಯುತ್ತಾರೆ. ಬೆನ್ನ ಹಿಂದೆ ಏನು ಕರೆಯುತ್ತಾರೋ, ಅದನ್ನು ಅವಳು ವಿಚಾರಿಸಲು ಹೋಗಿಲ್ಲ.

ಆದರೆ ಈ ಕಟ್ಟಡದ ನಕ್ಷೆ ಅವಳದಲ್ಲ. ಅವಳ ಅಕ್ಕನ ಮಗಳು ಪುಟ್ಟಿಯದು. ಪುಟ್ಟಿ ಸ್ವಂತವಾಗಿ ಸಹಿ ಹಾಕಿದ ಮೊದಲ ಕಟ್ಟಡ. ಸೋಮವಾರ ಇಲ್ಲಿನ ಎರಡನೇ ಮಹಡಿಯ ಹೊಲಿಗೆ ಶಾಲೆಯಲ್ಲಿ ವಿಷದ ಹೊಗೆ ಕುಡಿದು ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ತಲೆ ತಿರುಗಿ ಬಿದ್ದಿದ್ದರು. ಉಳಿದವರೆಲ್ಲ ಚೇತರಿಸಿಕೊಂಡು ಮನೆ ಸೇರಿದ್ದರೂ ಟೀಚರ್ ಮಾತ್ರ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ತಪ್ಪು ನಕ್ಷೆಯದೇ ಎಂದು ಇವತ್ತು ಸಂಜೆ ವರದಿಗೆ ಸಹಿ ಬಿದ್ದರೆ ಮುಗಿಯಿತು. ಪುಟ್ಟಿ ಇನ್ನು ಒಂದು ಕೋಳಿಗೂಡಿಗೂ ನಕ್ಷೆ ಹಾಕುವಂತಿಲ್ಲ.

"ಮೇಡಂ, ಆಯ್ತಾ?" ಬಾಗಿಲಲ್ಲಿ ನಿಂತಿದ್ದ ತನಿಖಾಧಿಕಾರಿ ಸಾಹೇಬರು ದೊಡ್ಡದಾಗಿ ಆಕಳಿಸಿದರು. ಕಟ್ಟಡಗಳ ಸುರಕ್ಷತೆ ನೋಡುವ ಇಲಾಖೆಯವರು. ಮಾತಿಗೊಂದು ಆಕಳಿಕೆ. "ನಿನ್ನೆ ನಾನೇ ಅಳತೆ ಮಾಡಿಸಿದೀನಿ. ಡ್ಯಾಂಪರ್ ಪೂರ್ತಿ ತೆಗೆದಿದ್ರೂ ಹಾಲ್‌ಗೆ ಹೊಸ ಗಾಳಿ ಬರ್ತಾನೇ ಇಲ್ಲ. ಅಂದ್ಮೇಲೆ ನಿಮ್ಮ ಹುಡುಗಿ ಡಕ್ಟಿನ ಲೆಕ್ಕ ತಪ್ಪಿದಾಳೆ. ಇಷ್ಟಕ್ಕೆ ಏಣಿ ಯಾಕೆ?"

"ಡ್ಯಾಂಪರ್ ತೆಗೆದಿದೆ ಅಂತ ಯಾರು ಹೇಳಿದ್ರು ನಿಮಗೆ?"

"ಯಾರು ಹೇಳೋದೇನು, ಹಿಡಿಕೆ ನೋಡಿದ್ರೆ ಕಾಣಲ್ವಾ? ಕೆಂಪು ಗೆರೆನೂ ಮುರಿದಿಲ್ಲ."

ಆ ಮಾತು ಸುಳ್ಳಲ್ಲ. ಡಕ್ಟಿನೊಳಗೆ ಗಾಳಿಯನ್ನು ಬಿಡಲು, ತಡೆಯಲು ಒಂದು ತಗಡಿನ ರೆಕ್ಕೆ ಇರುತ್ತದೆ. ಅದೇ ಡ್ಯಾಂಪರ್. ರೆಕ್ಕೆಯ ನಡುವೆ ಹಾಯುವ ಸರಳಿನ ತುದಿ ಹೊರಗೆ ಬಂದಿರುತ್ತದೆ, ಆ ತುದಿಗೆ ಹಿಡಿಕೆ. ಹಿಡಿಕೆ ಡಕ್ಟಿನುದ್ದಕ್ಕೆ ನಿಂತಿದ್ದರೆ ತೆಗೆದಿದೆ ಎಂದರ್ಥ, ಅಡ್ಡಕ್ಕೆ ನಿಂತಿದ್ದರೆ ಮುಚ್ಚಿದೆ ಎಂದರ್ಥ.

ಯಾವ ಕೋಣೆಗೆ ಎಷ್ಟು ಗಾಳಿ ಹೋಗಬೇಕೆಂದು ಅಳೆದು ಹದ ಮಾಡಿದ ಮೇಲೆ ಹಿಡಿಕೆಯಿಂದ ಅದರಡಿಯ ಪಟ್ಟಿಯವರೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಕಸುಬಿನ ಪದ್ಧತಿ. ಮುಂದೆ ಯಾರಾದರೂ ಹಿಡಿಕೆ ತಿರುಗಿಸಿದರೆ ಗೆರೆ ಎರಡು ತುಂಡಾಗಿ ಕಳ್ಳ ಸಿಕ್ಕಿಬೀಳುತ್ತಾನೆ. ಈ ಕಟ್ಟಡದ ಗಾಳಿ ಅಳೆದು ಗೆರೆ ಎಳೆದವನು ಸ್ವತಃ ಚಿಕ್ಕಪ್ಪ. ಅವನ ಹೊಟ್ಟೆಪಾಡೇ ಅದು.

ಈಗ ಹಿಡಿಕೆ ಡಕ್ಟಿನುದ್ದಕ್ಕೇ ಇತ್ತು. ಗೆರೆಯೂ ಒಂದು ಕೂದಲೆಳೆಯಷ್ಟು ಸರಿದಿರಲಿಲ್ಲ.

ಆದರೆ ಡಕ್ಟಿನ ಸದ್ದು ಚಿಕ್ಕಮ್ಮನಿಗೆ ಹಿಡಿಸಲಿಲ್ಲ. ಗಾಳಿ ಸರಾಗವಾಗಿ ಹರಿಯುವ ಡಕ್ಟು ತುಂಬು ದನಿಯಲ್ಲಿ ಗುಂಯ್‌ಗುಡುತ್ತದೆ. ಇದು ಹಲ್ಲಿನ ಸಂದಿಯಿಂದ ಊದಿದಂತೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು.

ಅವಳು ಬಟ್ಟೆಯಿಂದ ಸರಳಿನ ತುದಿಯ ಧೂಳನ್ನು ಒರೆಸಿದಳು. ಟಾರ್ಚನ್ನು ಹತ್ತಿರ ತಂದಳು.

"ಸಿಕ್ತು!" ಎಂದು ಕೂಗಿದ ರಭಸಕ್ಕೆ ಏಣಿ ಅಲುಗಿತು. "ಬನ್ನಿ ಸಾಹೇಬ್ರೇ, ಹತ್ತಿ. ಸರಳಿನ ತುದೀಲಿ ಒಂದು ಸಣ್ಣ ಕಚ್ಚು ಕಾಣುತ್ತಾ? ಕಾರ್ಖಾನೆಯಲ್ಲೇ ಹಾಕಿರ್ತಾರೆ. ಒಳಗೆ ರೆಕ್ಕೆ ಯಾವ ಕಡೆಗಿದೆಯೋ ಕಚ್ಚೂ ಅದೇ ಕಡೆಗೆ. ಹಿಡಿಕೆ ಉದ್ದಕ್ಕಿದೆ. ಕಚ್ಚು?"

ಸಾಹೇಬರು ನಾಲ್ಕು ಮೆಟ್ಟಿಲು ಹತ್ತಿ ಕತ್ತು ಚಾಚಿದರು. "ಅಡ್ಡಕ್ಕಿದೆ."

"ಅಂದ್ರೆ ರೆಕ್ಕೆನೂ ಅಡ್ಡಕ್ಕಿದೆ. ಡ್ಯಾಂಪರ್ ಬಿಗಿಯಾಗಿ ಮುಚ್ಚಿದೆ. ಯಾರೋ ಹಿಡಿಕೆಯ ಬೋಲ್ಟ್ ಸಡಿಲ ಮಾಡಿ, ಇಕ್ಕಳದಲ್ಲಿ ಸರಳೊಂದನ್ನೇ ತಿರುಗಿಸಿ, ಮತ್ತೆ ಬೋಲ್ಟ್ ಬಿಗಿ ಮಾಡಿದಾರೆ. ಹಿಡಿಕೆ ಅಲ್ಲಾಡ್ಲಿಲ್ಲ, ಗೆರೆ ಮುರೀಲಿಲ್ಲ. ನಿಮ್ಮ ಕಣ್ಣಿಗೆ ಮಣ್ಣು ಬಿತ್ತು!"

ಸಾಹೇಬರು ಫೋಟೋ ತೆಗೆದುಕೊಂಡರು. ಅವರ ಒಪ್ಪಿಗೆ ಪಡೆದು ಚಿಕ್ಕಮ್ಮ ಬೋಲ್ಟ್ ಸಡಿಲಿಸಿ ಇಕ್ಕಳದಲ್ಲಿ ಸರಳನ್ನು ತಿರುಗಿಸಿದಳು. ಸಿಳ್ಳೆ ನಿಂತು ತುಂಬು ಗುಂಯ್‌ಗುಡಿಕೆ ಶುರುವಾಯಿತು.

ಅವಳು ಏಣಿ ಇಳಿದವಳೇ ಪಕ್ಕದ ಹೊಲಿಗೆ ಹಾಲ್‌ಗೆ ಓಡಿದಳು. ಬೆಳಿಗ್ಗೆ ಗಾಳಿ ಬರುವ ಜಾಲರಿಗೆ ಅವಳೊಂದು ತೆಳು ಕಾಗದದ ಚೂರು ಅಂಟಿಸಿದ್ದಳು. ಆಗ ಅದು ಸತ್ತ ಚಿಟ್ಟೆಯಂತೆ ಜೋತುಬಿದ್ದಿತ್ತು. ಈಗ ಪಟಪಟ ಹೊಡೆದುಕೊಳ್ಳುತ್ತಿತ್ತು. ಸಾಲಾಗಿ ನಿಂತ ಹೊಲಿಗೆ ಯಂತ್ರಗಳ ಮೇಲೆ ಬಿದ್ದಿದ್ದ ದಾರದ ತುಣುಕುಗಳೂ ಮೆಲ್ಲಗೆ ಅಲುಗಿದವು.

"ನೋಡಿದ್ರಾ ನನ್ನ ಹುಡುಗಿ ಲೆಕ್ಕಾನ!" ಎಂದಳು ಚಿಕ್ಕಮ್ಮ. ಮೂರು ದಿನದಿಂದ ಪುಟ್ಟಿ ಸರಿಯಾಗಿ ಊಟ ಮಾಡಿಲ್ಲ. ನನ್ನಿಂದಲೇ ಅವರೆಲ್ಲ ಬಿದ್ದರು ಚಿಕ್ಕಮ್ಮ ಎಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ. ಈಗಲೇ ಓಡಿಹೋಗಿ ಅವಳನ್ನು ಎಬ್ಬಿಸಿ ಕುಣಿಸಬೇಕೆನ್ನಿಸಿತು.

"ಹೊಗೆ ಹೇಗೆ ಬಂತು?" ಸಾಹೇಬರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

"ಇಸ್ತ್ರಿ ಮೇಜಿನ ಮೇಲೆ ಆವಿ ಎಳೆಯೋ ಫ್ಯಾನ್ ಇದೆಯಲ್ಲ, ಅದು ಗಾಳೀನ ಹೊರಗೆ ತಳ್ತಾನೇ ಇರುತ್ತೆ. ಹೋದಷ್ಟು ಗಾಳಿ ಒಳಗೆ ಬರಬೇಕಲ್ವಾ? ಬರೋ ದಾರಿ ಮುಚ್ಚಿದ್ರೆ ಕಟ್ಟಡ ಬೇರೆ ದಾರಿ ಹುಡುಕುತ್ತೆ. ಪಕ್ಕದಲ್ಲೇ ಗಾಳಿ ಬಿಸಿ ಮಾಡೋ ಯಂತ್ರದ ಚಿಮಣಿ. ಮೇಲಕ್ಕೆ ಹೋಗಬೇಕಾದ ವಿಷದ ಹೊಗೇನ ಅದು ವಾಪಸ್ ಕೆಳಕ್ಕೆ ಎಳ್ಕೊಂಡಿದೆ."

"ಸರಿ, ಒಪ್ಪಿದೆ. ಮುಚ್ಚಿದವರು ಯಾರು? ಅದು ಗೊತ್ತಾಗದೆ ನಾನು ನಿಮ್ಮ ಹುಡುಗಿ ಹೆಸರು ತೆಗೆಯೋಕಾಗಲ್ಲ. ಅವಳೇ ಮುಚ್ಚಿದ್ದು ಅಂತ ನಾಳೆ ಯಾರಾದ್ರೂ ಅಂದ್ರೆ?" ಎಂದು ಸಾಹೇಬರು ಮತ್ತೊಮ್ಮೆ ಆಕಳಿಸಿದರು.

ಚಿಕ್ಕಮ್ಮ ಗಂಡನ ಕಡೆ ತಿರುಗಿದಳು. ಇಷ್ಟು ಹೊತ್ತಿಗೆ ಅವನು ಹತ್ತು ಜೋಕು ಹೊಡೆದಿರಬೇಕಿತ್ತು. ಆದರೆ ಚಿಕ್ಕಪ್ಪ ಬಾಗಿಲಿಗೆ ಒರಗಿ ತನ್ನ ಬೂಟಿನ ತುದಿ ನೋಡುತ್ತಿದ್ದ.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಎಲ್ಲರೂ ಹಿಡಿಕೆಯಿಂದ ಪಟ್ಟಿಗೆ ಗೆರೆ ಎಳೆದು ಕೈತೊಳೆದುಕೊಳ್ಳುತ್ತಾರೆ. ಚಿಕ್ಕಪ್ಪ ಹಾಗಲ್ಲ. ಸರಳಿನ ತುದಿಯ ಮೇಲೂ ಗೆರೆ ಹಾಯಿಸುತ್ತಾನೆ, ಯಾರೂ ಇಂಥ ಕೈಚಳಕ ಮಾಡಬಾರದೆಂದೇ. ಮದುವೆಯಾದ ಹೊಸತರಲ್ಲಿ ಅವಳಿಗೆ ಅದನ್ನು ತೋರಿಸಿ ಜಂಬ ಕೊಚ್ಚಿದ್ದ. ಇಲ್ಲಿ ಗೆರೆ ಸರಳಿನ ತನಕ ಹೋಗಿರಲಿಲ್ಲ.

"ಏನ್ರೀ, ಸರಳಿನ ತುದಿಗೆ ಬಣ್ಣ ಹಚ್ಚಿಲ್ಲ?"

"ಅವತ್ತು... ಡಬ್ಬೀಲಿ ಬಣ್ಣ ಮುಗಿದಿತ್ತೇನೋ."

ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಸುಳ್ಳು ಹೇಳುವುದು ಒಂದು ದಿನವೂ ಸರಿಯಾಗಿ ಬಂದಿರಲಿಲ್ಲ. ಇವನಿಗೆ ಏನೋ ಗೊತ್ತಿದೆ ಎನ್ನಿಸಿತು ಚಿಕ್ಕಮ್ಮನಿಗೆ. ಆದರೂ ಆ ಯೋಚನೆಯನ್ನು ಅಲ್ಲಿಗೇ ಅದುಮಿದಳು.

*

ಕಟ್ಟಡದ ಮ್ಯಾನೇಜರ್ ಕುತ್ತಿಗೆಯಿಂದ ಕಿವಿಯವರೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಅವನ ಕೋಣೆ ಬೇಕರಿಯ ಒಲೆಯಂತೆ ಕಾದಿತ್ತು. ಮೇಜಿನ ಕೆಳಗೆ ಸಣ್ಣ ಹೀಟರ್, ಕಿಟಕಿಯ ಸಂದಿಗೆಲ್ಲ ಟೇಪು. ಚಳಿ ಎಂದರೆ ಹುಲಿ ಕಂಡಂತೆ ಹೆದರುವ ಮನುಷ್ಯ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ನಾನಾ? ಡ್ಯಾಂಪರಾ? ಅಯ್ಯೋ ಮೇಡಂ, ಅದು ಕರೀಗಿದೆಯೋ ಬಿಳೀಗಿದೆಯೋ ನೋಡಿಲ್ಲ ನಾನು!"

"ಹೌದಾ? ಹಾಗಾದ್ರೆ ಬೋಲ್ಟಿನ ಕಥೆ ಕೇಳಿ," ಎಂದು ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಒಂದು ಸಲ ಸಡಿಲ ಮಾಡಿದ ಬೋಲ್ಟಿನ ಮೇಲೆ ಒಂದೆರಡು ಗೀರಿರುತ್ತೆ. ಇದರ ಮೂಲೆಗಳೆಲ್ಲ ಸವೆದು ಗುಂಡಗಾಗಿವೆ. ಯಾರೋ ದಿನಾ ತೆಗೆದು ದಿನಾ ಹಾಕಿದಾರೆ. ದಿನಾ ಈ ಕಟ್ಟಡದಲ್ಲಿರೋರು, ಆ ಯಂತ್ರದ ಕೋಣೆ ಕೀಲಿ ಇಟ್ಕೊಂಡಿರೋರು ಎಷ್ಟು ಜನ ಇದಾರೆ ಹೇಳಿ?"

"ಇಲಿಗಿಲಿ..."

"ಇಲಿ ಇಕ್ಕಳ ಹಿಡಿಯುತ್ತಾ? ಕಾಗಕ್ಕ ಗುಬ್ಬಕ್ಕನ ಕಥೆ ಬೇಡ. ಅಲ್ಲೊಬ್ಬ ಹೆಣ್ಣುಮಗಳು ಆಸ್ಪತ್ರೇಲಿ ಮಲಗಿದಾಳೆ. ಇಲ್ಲೊಬ್ಬಳು ಮಾಡದ ತಪ್ಪಿಗೆ ಕೊರಗ್ತಿದಾಳೆ. ನಿಮಗೂ ಮಗಳಿಲ್ವೇನ್ರೀ?"

ಮ್ಯಾನೇಜರನ ಮುಖ ಸಣ್ಣದಾಯಿತು. ಅವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

"ಬೆಳಿಗ್ಗೆಯಾದ್ರೆ ಸಾಕು ಮೇಡಂ, ಚಳಿ ಚಳಿ ಅಂತ ಎಲ್ಲರೂ ನನ್ನ ಜೀವ ತಿಂತಿದ್ರು. ಕೆಳಗಿನ ಚಪ್ಪಲಿ ಅಂಗಡಿಯವನು ಬಾಯಿಗೆ ಬಂದಹಾಗೆ ಬೈತಿದ್ದ. ಹೊಸ ಗಾಳಿ ತಡೆದ್ರೆ ಕೋಣೆಗಳು ಬೇಗ ಬೆಚ್ಚಗಾಗುತ್ವೆ. ಹಾಗಾಗಿ ಸಂಜೆ ಹೋಗುವಾಗಲೇ ಅರ್ಧ ಮುಚ್ಚಿಟ್ಟು ಹೋಗ್ತಿದ್ದೆ. ಅರ್ಧ ಮಾತ್ರ! ಬೆಳಿಗ್ಗೆ ಇಸ್ತ್ರಿ ಫ್ಯಾನ್ ಶುರುವಾಗೋ ಮುಂಚೆ ತೆಗೆದುಬಿಡ್ತಿದ್ದೆ. ನನ್ನ ಮಕ್ಕಳಾಣೆಗೂ ಒಂದು ದಿನ ಮರೆತಿಲ್ಲ."

"ಸೋಮವಾರ ಮರೆತ್ರಿ."

"ಸೋಮವಾರ ನಾನಿರಲೇ ಇಲ್ಲ!" ಎಂದು ಅವನು ಮಫ್ಲರ್ ಕೆಳಕ್ಕೆ ಎಳೆದ. ಒಂದು ಕೆನ್ನೆ ಒಳಗೆ ಕಿತ್ತಳೆ ಹಣ್ಣು ಬಚ್ಚಿಟ್ಟಂತೆ ಊದಿತ್ತು. "ದವಡೆ ಹಲ್ಲು ಕೀಳಿಸೋಕೆ ಹೋಗಿದ್ದೆ. ಬೇಕಾದ್ರೆ ಡಾಕ್ಟ್ರನ್ನ ಕೇಳಿ."

ಸಾಹೇಬರು ತಲೆಯಾಡಿಸಿದರು. ಅವನು ರಜೆಯಲ್ಲಿದ್ದದ್ದು ಅವರಿಗೆ ಮೊದಲೇ ಗೊತ್ತಿತ್ತು.

"ಗೆರೆ ಮುರಿಯದ ಹಾಗೆ ಸರಳು ತಿರುಗಿಸೋ ಈ ವಿದ್ಯೆ ನಿಮಗೆ ಹೇಳಿಕೊಟ್ಟವರು ಯಾರು?" ಚಿಕ್ಕಮ್ಮ ಕೇಳಿದಳು.

ಮ್ಯಾನೇಜರನ ಕಣ್ಣು ಚಿಕ್ಕಮ್ಮನ ಭುಜದಾಚೆಗೆ ಹೋಯಿತು. ತಿರುಗಿ ನೋಡುವುದು ಅವಳಿಗೆ ಬೇಕಾಗಿರಲಿಲ್ಲ. ಹಿಂದೆ ಯಾರು ನಿಂತಿದ್ದಾರೆಂದು ಗೊತ್ತಿತ್ತು.

"ನಾನೇ ಕಣೇ," ಎಂದ ಚಿಕ್ಕಪ್ಪ.

ಚಿಕ್ಕಮ್ಮ ನಿಧಾನಕ್ಕೆ ಅವನ ಕಡೆ ತಿರುಗಿದಳು.

"ಆ ಹುಡುಗೀರು ಬೆಳಿಗ್ಗೆ ಬೆರಳು ಸೆಟೆದುಕೊಂಡು ಸೂಜಿಗೆ ದಾರ ಪೋಣಿಸೋಕೆ ಆಗ್ದೆ ಕೂತಿರ್ತಿದ್ರು. ನೋಡೋಕಾಗ್ಲಿಲ್ಲ. ಫ್ಯಾನ್ ಹಾಕೋ ಮುಂಚೆ ಅರ್ಧ ಮುಚ್ಚಿದ್ರೆ ಅಪಾಯ ಇಲ್ಲ ಅಂತ ಅಳೆದು ನೋಡಿಯೇ ಹೇಳಿದ್ದು. ಅದಕ್ಕೇ ಸರಳಿಗೆ ಬಣ್ಣ ಹಚ್ಚಲಿಲ್ಲ."

"ಪುಟ್ಟಿಗೆ ಒಂದು ಮಾತು ಹೇಳೋಕೆ ಏನಾಗಿತ್ತು? ಅವಳ ಕಟ್ಟಡ ಅದು! ನನಗಾದ್ರೂ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಇಬ್ಬರೂ ಬೇಡ ಅಂತಿದ್ರಿ."

"ಅಂತಿದ್ವಿ! ಮತ್ತೆ ಅನ್ನಬಾರದಾ?" ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದಕ್ಕೆ ಮೊದಲು ದಾರಿ ಬಿಡಬೇಕೋ ತಿಳಿಯಲಿಲ್ಲ. "ಸೋಮವಾರ ಕೀಲಿ ಎಲ್ಲಿತ್ತು?"

"ಬೆಳಿಗ್ಗೆ ಬಂದು ತೆಗೀಲಿ ಅಂತ ಇವರ ಹತ್ರ ಬಿಟ್ಟು ಹೋಗಿದ್ದೆ," ಎಂದು ಮ್ಯಾನೇಜರ್ ಚಿಕ್ಕಪ್ಪನನ್ನು ತೋರಿಸಿದ.

"ನೀವು ಬಂದು ಮುಚ್ಚಿದ್ರಾ?"

"ಇಲ್ಲ. ನಾನು ಅವತ್ತು ಈ ಕಡೆ ತಲೆ ಹಾಕಿಲ್ಲ. ಕೀಲಿ ಬೇರೆಯವರು ಇಸ್ಕೊಂಡು ಹೋದ್ರು."

"ಯಾರು?"

ಚಿಕ್ಕಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ಯಜಮಾನ್ರೇ, ನೀವು ಹೇಳದಿದ್ರೆ ನಿಮ್ಮ ಹೆಸರನ್ನೇ ಬರೀಬೇಕಾಗುತ್ತೆ."

"ಬರ್ಕೊಳ್ಳಿ."

"ರೀ!" ಚಿಕ್ಕಮ್ಮ ಎದ್ದು ನಿಂತಳು. "ಹುಚ್ಚುಗಿಚ್ಚು ಹಿಡಿದಿದೆಯಾ ನಿಮಗೆ? ಯಾರನ್ನ ಉಳಿಸ್ತಿದೀರಿ?"

ಅಷ್ಟರಲ್ಲಿ ಬಾಗಿಲು ದಡಾರೆಂದು ತೆರೆದುಕೊಂಡಿತು. ಪುಟ್ಟಿ! ಕೂದಲು ಕೆದರಿತ್ತು, ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು. ಆದರೆ ಮೂರು ದಿನದಲ್ಲಿ ಮೊದಲ ಸಲ ಮುಖದಲ್ಲಿ ಕಳೆ ಇತ್ತು.

"ಚಿಕ್ಕಮ್ಮಾ, ಟೀಚರ್ ಕಣ್ಣು ಬಿಟ್ರು! ಮಾತಾಡಿದ್ರು! ತಲೆದಿಂಬಿನ ಹೊಲಿಗೆ ಸೊಟ್ಟಗಿದೆ ಅಂತ ನರ್ಸಿಗೆ ಬೈದ್ರಂತೆ. ಇನ್ನೇನೂ ಭಯ ಇಲ್ಲ ಅಂದ್ರು ಡಾಕ್ಟ್ರು."

ಚಿಕ್ಕಮ್ಮನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಮ್ಯಾನೇಜರ್ ಊದಿದ ಕೆನ್ನೆ ಹಿಡಿದುಕೊಂಡೇ ಬಿಕ್ಕಳಿಸಿ ಅತ್ತುಬಿಟ್ಟ.

ಪುಟ್ಟಿ ಎಲ್ಲರ ಮುಖ ನೋಡಿದಳು. "ಏನಾಯ್ತು? ಯಾಕೆ ಎಲ್ಲಾ ಹೀಗಿದೀರಿ?"

"ಡ್ಯಾಂಪರ್ ಮುಚ್ಚಿತ್ತು ಕಣೇ. ಹಿಡಿಕೆ ತೆಗೆದಿದೆ ಅಂತಿದ್ರೂ ಒಳಗೆ ರೆಕ್ಕೆ ಮುಚ್ಚಿತ್ತು. ನಿನ್ನ ಲೆಕ್ಕ ಕರೆಕ್ಟಾಗಿದೆ. ತೆಗೆದ ಕೂಡಲೇ ಗಾಳಿ ಹೇಗೆ ಬಂತು ಗೊತ್ತಾ!"

ಅವಳು ಕುಣಿಯುತ್ತಾಳೆಂದು ಚಿಕ್ಕಮ್ಮ ಎಣಿಸಿದ್ದಳು. ಪುಟ್ಟಿ ಹಾಗೇ ನಿಂತುಬಿಟ್ಟಳು.

"ಮುಚ್ಚಿತ್ತಾ? ಅದು ಹೇಗಾಗುತ್ತೆ? ಸೋಮವಾರ ಬೆಳಿಗ್ಗೆ ನಾನೇ ಪೂರ್ತಿ ತೆಗೆದಿದ್ದೆನಲ್ಲ!"

"ಪುಟ್ಟಿ, ಸುಮ್ಮನಿರು," ಎಂದ ಚಿಕ್ಕಪ್ಪ.

"ಯಾಕೆ ಸುಮ್ಮನಿರಲಿ ಚಿಕ್ಕಪ್ಪ? ಕೀಲಿ ನಿಮ್ಮಿಂದ ಇಸ್ಕೊಂಡು ಹೋದೋಳು ನಾನೇ ಅಲ್ವಾ?" ಅವಳು ಸಾಹೇಬರ ಕಡೆ ತಿರುಗಿದಳು. "ಹಾಲ್‌ನಲ್ಲಿ ಬೆಳಿಗ್ಗೆ ಉಸಿರು ಕಟ್ಟಿದ ಹಾಗಾಗುತ್ತೆ ಅಂತ ಟೀಚರ್ ಹೇಳಿದ್ರು. ಬಂದು ನೋಡಿದೆ. ಸರಳು ಅರ್ಧ ತಿರುಗಿತ್ತು, ಅದರ ಮೇಲೆ ಚಿಕ್ಕಪ್ಪನ ಗೆರೆ ಇರಲಿಲ್ಲ. ಇದು ಇವರದೇ ಕೆಲಸ ಅಂತ ಗೊತ್ತಾಯ್ತು. ಪೂರ್ತಿ ತೆಗೆದು, ಬೋಲ್ಟ್ ಬಿಗಿ ಮಾಡಿ, ಬಾಯಿ ಮುಚ್ಕೊಂಡು ಹೋದೆ. ಆಮೇಲೂ ಅವರು ಬಿದ್ರಲ್ಲ, ಹಾಗಾದ್ರೆ ನನ್ನ ನಕ್ಷೆಯಲ್ಲೇ ತಪ್ಪಿದೆ ಅಂದ್ಕೊಂಡೆ."

"ಹೇಳಬಾರದಿತ್ತಾ ಮಗಳೇ?" ಚಿಕ್ಕಮ್ಮ ಕೇಳಿದಳು.

"ಹೇಳಿದ್ರೆ ಚಿಕ್ಕಪ್ಪನ ಹೆಸರು ಬರ್ತಿತ್ತು."

"ಅಯ್ಯೋ ದೇವರೇ!" ಚಿಕ್ಕಪ್ಪ ಹಣೆ ಚಚ್ಚಿಕೊಂಡ. "ನೀನೇ ಗಡಿಬಿಡೀಲಿ ಆ ಕಡೆ ತಿರುಗಿಸೋ ಬದಲು ಈ ಕಡೆ ತಿರುಗಿಸಿ ಮುಚ್ಚಿಬಿಟ್ಟಿದೀಯ ಅಂದ್ಕೊಂಡಿದ್ನಲ್ಲೇ ನಾನು!"

"ನಾನಾ? ಕಚ್ಚು ನೋಡದೆ ತಿರುಗಿಸ್ತೀನಾ ನಾನು? ಚಿಕ್ಕಮ್ಮ ನನಗೆ ಮೊದಲ ದಿನ ಕಲಿಸಿದ್ದೇ ಅದು!"

ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಹೋಗಿ ಬಾಯಿಗೆ ಬೀಗ ಜಡಿದುಕೊಂಡು, ಸಂಜೆಯೊಳಗೆ ಇಬ್ಬರೂ ಮುಳುಗುವವರಿದ್ದರು. ಚಿಕ್ಕಮ್ಮನಿಗೆ ಒಬ್ಬೊಬ್ಬರಿಗೂ ಎರಡೆರಡು ಬಿಗಿಯಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಇಬ್ಬರನ್ನೂ ತಬ್ಬಿಕೊಳ್ಳಬೇಕೆನ್ನಿಸಿತು. ತಬ್ಬಿಯೂ ಕೊಂಡಳು. ಮನೆಗೆ ಹೋದ ಮೇಲೆ ಗಂಡನಿಗೆ ಇದೆ ಹಬ್ಬ, ಅದು ಬೇರೆ ಮಾತು.

ಆದರೆ ತಲೆ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಮ್ಯಾನೇಜರ್ ರಜೆಯಲ್ಲಿದ್ದ, ಚಿಕ್ಕಪ್ಪ ಬಂದಿರಲಿಲ್ಲ, ಪುಟ್ಟಿ ತೆಗೆದು ಹೋಗಿದ್ದಳು. ಅವಳು ಹೋದ ಮೇಲೆ, ಹುಡುಗಿಯರು ಬೀಳುವ ಮುಂಚೆ, ಆ ಕೋಣೆಯೊಳಗೆ ನಾಲ್ಕನೆಯವರೊಬ್ಬರು ಹೋಗಿದ್ದಾರೆ. ಅರ್ಧವಲ್ಲ, ಬಿಗಿಯಾಗಿ ಮುಚ್ಚಿದ್ದಾರೆ.

"ಪುಟ್ಟಿ, ಸರಿಯಾಗಿ ಯೋಚನೆ ಮಾಡಿ ಹೇಳು. ಬೀಗ ಹಾಕಿದ್ಯಾ?"

"ಹಾಕಿದೆ. ಎಳೆದೂ ನೋಡಿದೆ."

"ಕೀಲಿ ವಾಪಸ್ ಚಿಕ್ಕಪ್ಪನಿಗೆ ಕೊಟ್ಯಾ?"

"ಇಲ್ಲ. ಹೊರಡುವಾಗ ಇವರು ಮೆಟ್ಟಿಲ ಹತ್ರ ಸಿಕ್ಕಿದ್ರು. ವರ್ಷದ ತಪಾಸಣೆಗೆ ಬಂದಿದೀನಿ, ಯಂತ್ರದ ಕೋಣೆ ನೋಡಬೇಕು ಅಂದ್ರು. ಕೈಗೆ ಕೊಟ್ಟೆ." ಪುಟ್ಟಿ ಮೇಜಿನ ಆ ಬದಿಗೆ ನೋಡಿದಳು. "ಅಲ್ವಾ ಸರ್? ನಿಮಗೇ ಕೊಟ್ಟೆನಲ್ಲ?"

ಎಲ್ಲರೂ ತನಿಖಾಧಿಕಾರಿ ಸಾಹೇಬರ ಕಡೆ ತಿರುಗಿದರು. ಮ್ಯಾನೇಜರನ ಬಿಕ್ಕಳಿಕೆ ನಿಂತಿತು.

ಸಾಹೇಬರು ಅವಸರ ಮಾಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಮೆಲ್ಲಗೆ ಮಾತಾಡಮ್ಮ," ಎಂದರು. "ಚಳಿ ಅಂತ ಬಾಯಿಗೆ ಬಂದಹಾಗೆ ಬೈದು ಕೀಲಿಯನ್ನ ನನ್ನ ಕೈಯಿಂದ ಇಸ್ಕೊಂಡವನು ಈಗ ಇದೇ ಬಾಗಿಲ ಹೊರಗೆ ನಿಂತಿದಾನೆ."